ಉಳ್ಳಾಲದ ಸಜ್ಜಾಗಳ ಅಡಿಯಲ್ಲಿ

ತೊಕ್ಕೊಟ್ಟಿನಲ್ಲಿ ಬಸ್ಸಿಳಿದು ಪಡುವಣಕ್ಕೆ ನಡೆದರೆ ಮೊಗವೀರಪಟ್ನ ಮುಟ್ಟುವ ಮೊದಲೇ ತುಟಿಯ ಮೇಲೆ ಉಪ್ಪು ಕೂರುತ್ತದೆ. ಗೇಟಿನ ಕೀಲು, ಕಿಟಕಿಯ ಸರಳು, ಬಾವಿಯ ರಾಟೆ ಎಲ್ಲವೂ ಕೆಂಪು. ಯಾರನ್ನು ಕೇಳಿದರೂ ಉಪ್ಪುಗಾಳಿ ಎನ್ನುತ್ತಾರೆ. ನಾನೂ ಬಹಳ ಕಾಲ ಅಷ್ಟನ್ನೇ ನಂಬಿದ್ದೆ.

ಒಂದು ಹಳೆಯ ಆರ್‌ಸಿಸಿ ಮನೆಯ ಮುಂದೆ ನಿಂತೆ. ಸಜ್ಜಾದ ಅಡಿಭಾಗದಲ್ಲಿ, ಮಳೆ ನೇರ ಬೀಳದ ಕಡೆಯೇ, ಅಂಗೈಯಗಲ ಕಾಂಕ್ರೀಟು ಕಳಚಿದೆ. ಒಳಗಿನ ರಾಡ್ ಪದರ ಪದರವಾಗಿ ಉಬ್ಬಿದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೇ ಕಾಂಕ್ರೀಟು ಸಿಡಿಯುವುದು. ಮನೆಯವರ ಒಪ್ಪಿಗೆ ಪಡೆದು ಅಂಚನ್ನು ತುಸು ಕೆತ್ತಿ, ಕ್ಷಾರ ತಾಕಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಹನಿಸಿದೆ. ರಾಡಿನ ಹಿಂದಿನ ಕಾಂಕ್ರೀಟು ಗಾಢ ಗುಲಾಬಿಗೆ ತಿರುಗಿತು. ರಾಡನ್ನು ಮುಚ್ಚಿದ್ದ ಪದರಕ್ಕೆ ಬಣ್ಣವೇ ಹತ್ತಲಿಲ್ಲ.

ಬಣ್ಣ ಹತ್ತದ ಆ ಪದರ ಕಾರ್ಬನ್ ಡೈ ಆಕ್ಸೈಡಿನ ಕೆಲಸ. ಹೊಸ ಕಾಂಕ್ರೀಟಿನೊಳಗೆ ಪಿಎಚ್ 12.5ರ ಮೇಲಿರುತ್ತದೆ, ಆ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ನಿಲ್ಲುತ್ತದೆ. ಗಾಳಿಯಲ್ಲಿರುವ ಈ ಅನಿಲ ಕಾಂಕ್ರೀಟಿನ ರಂಧ್ರಗಳಲ್ಲಿ ಇಳಿದು, ತೇವದಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿ, ಸಿಮೆಂಟಿನ ಸುಣ್ಣವನ್ನು ಕಾರ್ಬೊನೇಟ್ ಮಾಡುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ. ಪಿಎಚ್ 9ಕ್ಕಿಂತ ಇಳಿದರೆ ಪೊರೆ ಉಳಿಯದು. ತೈಲ ಕೊಳವೆಗಳಲ್ಲಿ ಇದೇ ಆಮ್ಲ ಕಾರ್ಬನ್ ಸ್ಟೀಲನ್ನು ನೇರವಾಗಿ ತಿನ್ನುತ್ತದೆ. ಮನೆಯ ಕಾಂಕ್ರೀಟಿನೊಳಗೆ ಅದು ಕಾವಲು ಮಾತ್ರ ತೆಗೆಯುತ್ತದೆ, ತಿನ್ನುವ ಕೆಲಸ ನೀರಿನದು, ಆಮ್ಲಜನಕದ್ದು.

ನಮ್ಮ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೀರು ತುಂಬಿದ ರಂಧ್ರಕ್ಕೆ ಅನಿಲ ನುಗ್ಗಲಾರದು, ಪೂರ್ತಿ ಒಣಗಿದ್ದರೆ ಆಮ್ಲ ಹುಟ್ಟದು. ಶೇ 50ರಿಂದ 70ರ ತೇವಾಂಶದಲ್ಲಿ ಕೆಲಸ ಚುರುಕು. ಮಾಗಿಯ ಒಣ ಹಗಲುಗಳಲ್ಲಿ ಗಾಳಿ ದಾರಿ ಕೊರೆಯುತ್ತದೆ, ಆಟಿ ತಿಂಗಳ ಮಳೆಯಲ್ಲಿ ರಾಡ್ ತುಕ್ಕು ಹಿಡಿಯುತ್ತದೆ. ಸಿಮೆಂಟು ಹಿಡಿದಿಟ್ಟಿದ್ದ ಉಪ್ಪಿನ ಕ್ಲೋರೈಡೂ ಕಾರ್ಬೊನೇಟ್ ಆಗುವಾಗ ಬಿಡುಗಡೆಯಾಗುತ್ತದೆ. ಉಪ್ಪನ್ನು ದೂರುವವರು ಹೇಳುವುದು ಅರ್ಧ ಸತ್ಯ.

ಅಳತೆಪಟ್ಟಿ ಹಿಡಿದಾಗ ನನಗೆ ಸಂಕಟವಾಯಿತು. ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಭಾರತೀಯ ಮಾನದಂಡ ಐಎಸ್ 456 ಕೇಳುವ, ರಾಡಿನ ಮೇಲಿನ ಹೊದಿಕೆ 45 ಮಿ.ಮೀ.; ಇಲ್ಲಿದ್ದದ್ದು ಸುಮಾರು 15. ಅನಿಲ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ಹೊದಿಕೆ ಮೂರನೇ ಒಂದಾದರೆ ಕಾಯುವ ಅವಧಿ ಒಂಬತ್ತನೇ ಒಂದು.

ಕಡಲ ದಂಡೆಗೂ ಹೋಗಿ ಬಂದೆ. 2022ರ ಜೂನ್‌ನಲ್ಲಿ ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತಿದ್ದ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದ್ದು ಈ ತೀರದಾಚೆಯೇ. ಅದರಲ್ಲಿದ್ದ 15 ಸಿರಿಯನ್ನರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಆ ಉಕ್ಕಿಗಿಂತ ಸಜ್ಜಾದ ಬೆರಳುದಪ್ಪದ ರಾಡೇ ನನ್ನನ್ನು ಹೆಚ್ಚು ಕಾಡಿತು. ಅದರಡಿ ಮಕ್ಕಳು ಮಳೆಗೆ ನಿಲ್ಲುತ್ತಾರೆ.

ಆ ಮನೆಗೆ ಮರಳಿ ಬಂದಾಗ ಮೇಸ್ತ್ರಿ ಬಿರುಕಿಗೆ ಸಿಮೆಂಟು ಮೆತ್ತಲು ಕಲಸುತ್ತಿದ್ದರು. ಫಿನಾಲ್ಫ್ತಲೀನ್ ಬಾಟಲಿಯನ್ನು ಅವರ ಕೈಗಿತ್ತೆ. ಗುಲಾಬಿ ಕಾಣುವವರೆಗೆ, ರಾಡಿನ ಹಿಂಬದಿಯೂ ಬಿಡುವಾಗುವ ತನಕ ಕೆತ್ತಿ, ತುಕ್ಕು ಉಜ್ಜಿ ತೆಗೆದು, ಆಮೇಲೆ ತುಂಬಿ ಎಂದೆ. ಅವರು ಬಾಣಲೆ ಪಕ್ಕಕ್ಕಿಟ್ಟು ಉಳಿ ಕೈಗೆತ್ತಿಕೊಂಡರು.