ತಲೆಯಲ್ಲಿ ಕೂದಲಿಲ್ಲ, ಕೈಯಲ್ಲಿ ಅಳತೆಗೋಲಿದೆ: ‘ಒಂದು ಮೊಟ್ಟೆಯ ಕಥೆ’ ಮತ್ತು ನಾವು

ನೆರೂಳಿನಿಂದ ಮಾತಾಡ್ತಾ ಇದ್ದೇನೆ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಐರೋಲಿ ಕಡೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ ಈ ಬರಹರೂಪ.

ಇವತ್ತಿನ ವಿಷಯ ಕೂದಲು. ನಗಬೇಡಿ! ಇಪ್ಪತ್ತೇಳು-ಇಪ್ಪತ್ತೆಂಟರ ನಮ್ಮ ಹುಡುಗರು ಸಿಕ್ಕಾಗ ಆನ್‌ಸೈಟ್, ಮನೆ ಬಾಡಿಗೆ ಆದಮೇಲೆ ಮೂರನೇ ಮಾತು ಇದೇ. ಊರಲ್ಲಿ ‘ಮೊಟ್ಟೆ’, ಇಲ್ಲಿ ಆಫೀಸಿನಲ್ಲಿ ‘ಟಕ್ಲಾ’. "ಹುಡುಗಿ ನೋಡೋಕೆ ಹೋಗೋ ಮೊದಲು ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಬಿಡ್ಲಾ?" ಅಂತ ಕೇಳಿದವರಿದ್ದಾರೆ. ಒಂದೇ ಮಾತಲ್ಲಿ ಉತ್ತರ ಹೇಳೋಕಾಗಲ್ಲ. ಒಂದು ಸಿನಿಮಾ ಇಟ್ಟುಕೊಂಡು ಮಾತಾಡೋಣ.

ಜನಾರ್ದನನ ಕಥೆ

2017ರ ಜುಲೈಯಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ನಿಮ್ಮಲ್ಲಿ ಹಲವರು ನೋಡಿರ್ತೀರಿ. ಬರೆದದ್ದು, ನಿರ್ದೇಶಿಸಿದ್ದು, ನಾಯಕನಾಗಿ ನಟಿಸಿದ್ದು ಮೂರೂ ರಾಜ್ ಬಿ. ಶೆಟ್ಟಿ. ನಾಯಕ ಜನಾರ್ದನ ಮಂಗಳೂರಿನ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ, ಡಾ. ರಾಜ್‌ಕುಮಾರ್ ಅಭಿಮಾನಿ, ವಯಸ್ಸು 28. ಬೇಗ ಮದುವೆಯಾಗದಿದ್ದರೆ ಇನ್ನು ಸನ್ಯಾಸವೇ ಅಂತ ಜ್ಯೋತಿಷಿ ಹೆದರಿಸಿರ್ತಾರೆ. ಪಾಠ, ಗುಣ ಯಾವುದೂ ಲೆಕ್ಕಕ್ಕಿಲ್ಲ. ನೋಡಿದವರಿಗೆಲ್ಲ ಮೊದಲು ಕಾಣೋದು ತಲೆ.

ಇಷ್ಟೇ ಆಗಿದ್ದರೆ ‘ಅಯ್ಯೋ ಪಾಪ’ ಅಂದು ಎದ್ದು ಬರಬಹುದಿತ್ತು. ಸಿನಿಮಾ ಚುಚ್ಚೋದು ಬೇರೆ ಜಾಗದಲ್ಲಿ. ತಲೆ ನೋಡಿ ತನ್ನನ್ನು ಬೇಡ ಅಂದರು ಅಂತ ನೊಂದ ಮನುಷ್ಯ, ದಪ್ಪಗಿರುವ ಹುಡುಗಿ ಎದುರಿಗೆ ಬಂದಾಗ ತಾನೇ ಹಿಂದೆ ಸರೀತಾನೆ. ಅವನಿಗೂ ‘ಚಂದ’ದ ಹುಡುಗಿಯೇ ಬೇಕು! ಅಲ್ಲಿಯವರೆಗೆ ಅವನ ಪರವಾಗಿ ನಕ್ಕ ನಮಗೆ ಅಲ್ಲಿ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಯಾವ ಅಳತೆಗೋಲಿನಿಂದ ಪೆಟ್ಟು ತಿಂದನೋ, ಅದೇ ಅಳತೆಗೋಲು ಅವನ ಕೈಯಲ್ಲೂ ಇದೆ.

ನಮ್ಮದೇ ಮ್ಯಾಟ್ರಿಮೊನಿ ಆ್ಯಪ್ ತೆಗೆದು ನೋಡಿ. ನಮ್ಮ ಫೋಟೊಗೆ ಕ್ಯಾಪ್ ಹಾಕಿಕೊಂಡಿರ್ತೇವೆ, ಆದರೆ ಹುಡುಗಿ ಮಾತ್ರ ಬೆಳ್ಳಗೆ, ಸಪೂರ ಇರಬೇಕು. ಜನಾರ್ದನ ಬೇರೆ ಯಾರೂ ಅಲ್ಲ ಮಾರಾಯ್ರೆ.

ಕಥೆ ಮುಂದೆ ಬೇರೆ ಭಾಷೆಗಳಿಗೂ ಹೋಯ್ತು. 2019ರಲ್ಲಿ ಮಲಯಾಳದಲ್ಲಿ ‘ತಮಾಶಾ’, ಹಿಂದಿಯಲ್ಲಿ ‘ಉಜ್ಡಾ ಚಮನ್’. ಇಲ್ಲಿ ಒಂದು ತಮಾಷೆ ಗಮನಿಸಿ. ಕನ್ನಡದಲ್ಲಿ ಇದ್ದದ್ದು ನಟನ ಸ್ವಂತ ತಲೆ. ‘ಉಜ್ಡಾ ಚಮನ್’ನಲ್ಲಿ, ಅದರ ಮುಂದಿನ ವಾರವೇ ಬಂದ ‘ಬಾಲಾ’ದಲ್ಲಿ, ಕೂದಲಿದ್ದ ನಾಯಕರಿಗೆ ಮೇಕಪ್ ಮಾಡಿ ಬೋಳು ಮಾಡಿದರು. ‘ಬಾಲಾ’ದಲ್ಲಿ ಕಪ್ಪು ಹುಡುಗಿಯ ಪಾತ್ರಕ್ಕೆ ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಬಳಿದರು. ಇದ್ದ ಹಾಗೇ ಒಪ್ಪಿಕೊಳ್ಳಿ ಅನ್ನೋ ಸಿನಿಮಾಕ್ಕೇ ಇದ್ದ ಹಾಗೆ ಇರುವ ನಟಿ ಬೇಕಾಗಲಿಲ್ಲ! ಆಗ ಅದಕ್ಕೆ ಸಾಕಷ್ಟು ಟೀಕೆಯೂ ಬಂತು.

ಕೂದಲು ಕಸಿ ಅಂದರೆ ಏನು?

ಸರ್ಜರಿ ಮಾಡಿಸೋದು ಪಾಪ ಅಂತ ನಾನು ಹೇಳಲ್ಲ. ಆದರೆ ಏನು ಮಾಡಿಸ್ತಾ ಇದ್ದೀರಿ ಅಂತ ಗೊತ್ತಿರಲಿ.

ಗಂಡಸರ ತಲೆ ಬೋಳಾಗೋದಕ್ಕೆ ಬಹುತೇಕ ಕಾರಣ ವಂಶವಾಹಿ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು. ನೆತ್ತಿಯ ಕೂದಲ ಬೇರು ಅದಕ್ಕೆ ಸೊರಗುತ್ತೆ, ತಲೆಯ ಹಿಂಭಾಗದ ಬೇರು ಅಷ್ಟಾಗಿ ಸೊರಗಲ್ಲ. ಹಿಂದಿನ ಬೇರು ಕಿತ್ತು ಮುಂದೆ ನೆಡೋದೇ ಕಸಿ. ಅಂದರೆ ಹೊಸ ಕೂದಲು ಹುಟ್ಟಿಸಲ್ಲ, ಇದ್ದದ್ದನ್ನು ಟ್ರಾನ್ಸ್‌ಫರ್ ಮಾಡ್ತಾರೆ, ಅಷ್ಟೆ. ಹಿಂದಿನ ದಾಸ್ತಾನಿಗೆ ಮಿತಿಯಿದೆ. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿ, 3-4 ತಿಂಗಳಿಗೆ ಮತ್ತೆ ಚಿಗುರುತ್ತೆ. ಪೂರ್ತಿ ಫಲ ಕಾಣೋಕೆ ಸುಮಾರು ಒಂದು ವರ್ಷ. ಪಕ್ಕದ ಹಳೇ ಕೂದಲು ಉದುರೋದು ಮಾತ್ರ ನಿಲ್ಲಲ್ಲ. ಅದಕ್ಕೇ ವೈದ್ಯರು ಔಷಧ ಮುಂದುವರಿಸಿ ಅನ್ನೋದು. ಹಾಗಾಗಿ ‘ಮುಂದಿನ ತಿಂಗಳು ಹುಡುಗಿ ನೋಡೋದಿದೆ’ ಅನ್ನೋ ಲೆಕ್ಕಕ್ಕೆ ಇದು ಕೂಡಲ್ಲ.

ಇನ್ನೊಂದು ಮುಖ್ಯ ವಿಷಯ. ಇದು ಸಲೂನ್ ಕೆಲಸ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿತು: ಇಂಥ ಚಿಕಿತ್ಸೆಯನ್ನು ಸರಿಯಾದ ತರಬೇತಿಯಿರುವ ವೈದ್ಯರೇ ಮಾಡಬೇಕು, ವರ್ಕ್‌ಶಾಪಿಗೆ ಹೋಗಿ ಬಂದದ್ದು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು. ಕ್ಲಿನಿಕ್‌ಗೆ ಹೋದರೆ ಇಎಂಐ ಕೇಳೋಕೆ ಮೊದಲು ಸೂಜಿ ಹಿಡಿಯೋರು ಯಾರು, ಅವರ ಓದು ಏನು, ಹೆಚ್ಚುಕಮ್ಮಿಯಾದರೆ ತುರ್ತು ವ್ಯವಸ್ಥೆ ಏನಿದೆ ಅಂತ ಕೇಳಿ.

ಅದೇ ವರ್ಷ ಮೇ ತಿಂಗಳಲ್ಲಿ, ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡರು. ವಯಸ್ಸು 21. ಹೆತ್ತವರಿಗೆ ತಿಳಿಸಿರಲಿಲ್ಲ ಅಂತ ಆಗ ವರದಿಯಾಗಿತ್ತು. ಅದನ್ನು ಓದಿದಾಗ ನನಗೆ ಅನಿಸಿದ್ದು ಇದು: ದೇಹದ ಬಗ್ಗೆ ನಾಚಿಕೆ ಬಂದಾಗ ಮನುಷ್ಯ ಮೊದಲು ಬಚ್ಚಿಡೋಕೆ ಕಲೀತಾನೆ. ಊರಿಂದ ದೂರ ಒಂಟಿಯಾಗಿ ಪಿಜಿಯಲ್ಲಿ ಇರುವವರಿಗೆ ಬಚ್ಚಿಡೋದು ಇನ್ನೂ ಸುಲಭ. ದಯವಿಟ್ಟು ಯಾರಿಗೂ ಹೇಳದೆ ಆಪರೇಷನ್ ಟೇಬಲ್ ಮೇಲೆ ಮಲಗಬೇಡಿ. ಒಬ್ಬರಿಗಾದರೂ ಗೊತ್ತಿರಲಿ.

ಹಾಗಾದರೆ ಮಾಡಿಸಬೇಕಾ, ಬೇಡವಾ?

ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಮದುವೆ, ಕೆಲಸ, ಜನರ ಮಾತು ಯಾವುದೂ ಬದಲಾಗಲ್ಲ ಅಂತ ಗ್ಯಾರಂಟಿ ಇದ್ದರೂ ಮಾಡಿಸ್ತೀರಾ? ಹೌದಾದರೆ ಒಳ್ಳೆ ವೈದ್ಯರನ್ನು ಹುಡುಕಿ, ಸಂತೋಷವಾಗಿ ಮಾಡಿಸಿ. ಇಲ್ಲ ಅಂತಾದರೆ ನೀವು ದುಡ್ಡು ಕೊಡ್ತಾ ಇರೋದು ಕೂದಲಿಗಲ್ಲ, ಯಾರದೋ ಅಳತೆಗೋಲಿಗೆ. ಇವತ್ತು ಕೂದಲು ಕೇಳಿದ್ದು ನಾಳೆ ಹೊಟ್ಟೆ ಕೇಳುತ್ತೆ, ನಾಡಿದ್ದು ಬಣ್ಣ.

ರಾಜ್ ಬಿ. ಶೆಟ್ಟಿ 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಮಾಡಿದರು. ಅದರಲ್ಲಿ ಅವರ ಹುಲಿ ಕುಣಿತ ನೋಡಿದವರು ತಲೆ ನೋಡಲಿಲ್ಲ, ಶಿವನನ್ನು ನೋಡಿದರು. ಕುಣಿದದ್ದು ಅದೇ ಮೊಟ್ಟೆ ತಲೆಯಲ್ಲೇ. ತನ್ನನ್ನು ತಾನು ಒಪ್ಪಿಕೊಳ್ಳೋದು ಅಂದರೆ ಬಹುಶಃ ಇಷ್ಟೇ, ತಲೆ ಬಗ್ಗೆ ಯೋಚನೆ ಬಿಟ್ಟು ಮಾಡಬೇಕಾದ ಕೆಲಸ ಮಾಡೋದು.

ಕೊನೆಗೆ ಒಂದು ಕೆಲಸ ಕೊಡ್ತೇನೆ. ಇವತ್ತು ರಾತ್ರಿ ಕನ್ನಡಿ ನೋಡೋ ಬದಲು ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ನಾವು ಹಾಕಿಟ್ಟ ಫಿಲ್ಟರ್‌ಗಳನ್ನು ನೋಡೋಣ. ಅದರಲ್ಲಿ ಒಂದನ್ನಾದರೂ ತೆಗೆಯೋಣ.