ಮಂಗಳೂರು ಪ್ರದೇಶದ ವಿದ್ಯುತ್ ರೈಲು ಸಂಚಾರ

ಮಂಗಳೂರು ಪ್ರದೇಶದ ವಿದ್ಯುತ್ ರೈಲು ಸಂಚಾರ ಎಂದರೆ ಕರ್ನಾಟಕದ ಕರಾವಳಿ ನಗರವಾದ ಮಂಗಳೂರನ್ನು ಕಾಸರಗೋಡು, ಕಣ್ಣೂರು, ಉಡುಪಿ, ಕಾರವಾರ, ಮಡಗಾಂವ್ ಮೊದಲಾದ ಊರುಗಳೊಂದಿಗೆ ಜೋಡಿಸುವ ವಿದ್ಯುದೀಕೃತ ರೈಲು ವ್ಯವಸ್ಥೆ. ಸಮೀಪದ ನಗರಗಳ ನಡುವಣ ನಿತ್ಯ ಪ್ರಯಾಣಕ್ಕೆಂದೇ ಇಲ್ಲಿ ಪ್ರತ್ಯೇಕ ಹಳಿಗಳನ್ನು ಹಾಕಲಿಲ್ಲ; ದೂರಪ್ರಯಾಣದ ಮುಖ್ಯ ಮಾರ್ಗಗಳೇ ಆ ಕೆಲಸವನ್ನೂ ನಿರ್ವಹಿಸುತ್ತಿವೆ.

ಹಿನ್ನೆಲೆ

ಅಂತರನಗರ ವಿದ್ಯುತ್ ರೈಲು ಎಂಬ ಸಾರಿಗೆ ವಿಧಾನವು 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬೆಳೆಯಿತು. ನಗರದ ಟ್ರಾಮ್‌ಗಿಂತ ವೇಗವಾದ, ಉಗಿರೈಲಿಗಿಂತ ಹಗುರವಾದ ಈ ಗಾಡಿಗಳು ಪಟ್ಟಣಗಳನ್ನೂ ಹಳ್ಳಿಗಳನ್ನೂ ಬೆಸೆದವು. ಇಂಡಿಯಾನಾ, ಒಹಾಯೊ ರಾಜ್ಯಗಳಲ್ಲಿ ಇವುಗಳ ಜಾಲ ವಿಶೇಷವಾಗಿ ಹರಡಿತ್ತು. ಮೋಟಾರು ವಾಹನಗಳ ಪೈಪೋಟಿಯಿಂದಾಗಿ 1930ರ ದಶಕದ ವೇಳೆಗೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋದವು.

ಭಾರತದಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ಓಡಿತು. ಮಂಗಳೂರು ಸೇರಿದ್ದ ಮದರಾಸು ಪ್ರಾಂತ್ಯದ ರಾಜಧಾನಿಯಲ್ಲಿ 1895ರಲ್ಲಿ ವಿದ್ಯುತ್ ಟ್ರಾಮ್, 1931ರಲ್ಲಿ ಉಪನಗರ ವಿದ್ಯುತ್ ರೈಲು ಆರಂಭವಾದವು. ನೆರೆಯ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ 1902ರಿಂದಲೇ ಜಲವಿದ್ಯುತ್ ಉತ್ಪಾದನೆಯಾಗುತ್ತಿತ್ತು. ಆದರೂ ಕರಾವಳಿಯ ಹಳಿಗಳಿಗೆ ವಿದ್ಯುತ್ ಬರಲು 21ನೆಯ ಶತಮಾನದವರೆಗೆ ಕಾಯಬೇಕಾಯಿತು.

ಮಾರ್ಗಗಳ ನಿರ್ಮಾಣ

ಮಂಗಳೂರಿಗೆ ರೈಲು ಮೊದಲು ಬಂದದ್ದು ದಕ್ಷಿಣದ ಮಲಬಾರಿನ ಕಡೆಯಿಂದ, 1907ರಲ್ಲಿ. ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಸಾಗುವ ಈ ಮಾರ್ಗವು ಮಂಗಳೂರಿನ ಬಳಿ ನೇತ್ರಾವತಿ ನದಿಯನ್ನು ದಾಟುತ್ತದೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಪ್ರದೇಶವು ಕೇರಳಕ್ಕೆ ಸೇರಿತು. ಆಡಳಿತದ ಗಡಿ ಬದಲಾದರೂ ಶಿಕ್ಷಣ, ಚಿಕಿತ್ಸೆ, ವ್ಯಾಪಾರಗಳಿಗಾಗಿ ಅಲ್ಲಿನ ಕನ್ನಡಿಗರೂ ತುಳುವರೂ ಮಂಗಳೂರನ್ನು ಅವಲಂಬಿಸುವುದು ತಪ್ಪಲಿಲ್ಲ. ಹೀಗಾಗಿ ಈ ಮಾರ್ಗದ ಪ್ಯಾಸೆಂಜರ್ ಗಾಡಿಗಳು ಅವರ ದೈನಂದಿನ ಬದುಕಿನ ಭಾಗವಾದವು.

ಪೂರ್ವದಲ್ಲಿ ಪಶ್ಚಿಮಘಟ್ಟವನ್ನು ಏರಿ ಹಾಸನವನ್ನು ಸೇರುವ ಮೀಟರ್‌ಗೇಜ್ ಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್‌ಗೇಜ್‌ಗೆ ಪರಿವರ್ತನೆಯಾದ ಬಳಿಕ 2006ರಲ್ಲಿ ಸರಕು ಗಾಡಿಗಳು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಪುನಃ ಸಂಚರಿಸತೊಡಗಿದವು.

ಉತ್ತರಕ್ಕೆ ಅನೇಕ ನದಿಗಳೂ ಅಳಿವೆಗಳೂ ಅಡ್ಡವಾಗಿದ್ದುದರಿಂದ ರೈಲು ಬಹಳ ತಡವಾಗಿ ಬಂತು. ಕೊಂಕಣ ರೈಲ್ವೆಯ ತೋಕೂರು–ಉಡುಪಿ ನಡುವಣ 47 ಕಿ.ಮೀ. ಭಾಗ 1993ರ ಮಾರ್ಚ್ 20ರಂದು ತೆರೆಯಿತು. ಪೂರ್ಣ ಮಾರ್ಗದ ಉದ್ಘಾಟನೆ 1998ರ ಜನವರಿ 26ರಂದು ನಡೆಯಿತು. ಅಷ್ಟರಲ್ಲಿ ಮಂಗಳೂರು–ಉಡುಪಿ ನಡುವೆ ಖಾಸಗಿ ಬಸ್ಸುಗಳ ದಟ್ಟವಾದ ವ್ಯವಸ್ಥೆ ಬೇರೂರಿತ್ತು. ಬೇರೆಡೆ ಅಂತರನಗರ ರೈಲು ವಹಿಸಿದ್ದ ಪಾತ್ರವನ್ನು ಇಲ್ಲಿ ಬಸ್ಸುಗಳೇ ವಹಿಸಿದ್ದವು.

ವಿದ್ಯುದೀಕರಣ

ಕೇರಳದ ಶೊರನೂರಿನಿಂದ ಮಂಗಳೂರುವರೆಗಿನ ಮಾರ್ಗವು 2010ರ ದಶಕದ ಉತ್ತರಾರ್ಧದಲ್ಲಿ ವಿದ್ಯುದೀಕರಣಗೊಂಡಿತು. ಕೊಂಕಣ ರೈಲ್ವೆಯ ಸುಮಾರು 740 ಕಿ.ಮೀ. ಮಾರ್ಗದ ವಿದ್ಯುದೀಕರಣವು 1,287 ಕೋಟಿ ರೂಪಾಯಿ ವೆಚ್ಚದಲ್ಲಿ 2022ರಲ್ಲಿ ಪೂರ್ಣಗೊಂಡು, ಅದೇ ವರ್ಷದ ಜೂನ್ 20ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಣ ಘಟ್ಟಭಾಗವು 55 ಕಿ.ಮೀ. ಉದ್ದವಿದ್ದು, 57 ಸುರಂಗಗಳನ್ನೂ 50ಕ್ಕೆ 1ರಷ್ಟು ಏರನ್ನೂ ಹೊಂದಿರುವುದರಿಂದ ಅಲ್ಲಿ ತಂತಿ ಅಳವಡಿಸುವುದು ಇತರ ಭಾಗಗಳಿಗಿಂತ ಕಠಿಣ ಕಾರ್ಯವಾಗಿತ್ತು.

ಈ ಮಾರ್ಗಗಳಲ್ಲಿ 25 ಕಿಲೋವೋಲ್ಟ್ ಪರ್ಯಾಯ ವಿದ್ಯುತ್ತನ್ನು ತಲೆಯ ಮೇಲಿನ ತಂತಿಯ ಮೂಲಕ ಪೂರೈಸಲಾಗುತ್ತದೆ. ಸಮೀಪದ ಊರುಗಳ ಪ್ರಯಾಣಕ್ಕೆ ಮೆಮು ಎಂಬ ಗಾಡಿಗಳು ಸೂಕ್ತವಾಗಿವೆ. ಇವುಗಳಿಗೆ ಪ್ರತ್ಯೇಕ ಎಂಜಿನ್ ಬೇಕಿಲ್ಲ. ಮೋಟಾರುಗಳು ಬೋಗಿಗಳಲ್ಲೇ ಇದ್ದು, ಎರಡೂ ತುದಿಗಳಲ್ಲಿ ಚಾಲಕರ ಕೋಣೆಗಳಿರುತ್ತವೆ. ನಿಂತಲ್ಲಿಂದ ಬೇಗನೆ ವೇಗ ಪಡೆಯುವುದರಿಂದ ಅಲ್ಲಲ್ಲಿ ನಿಲ್ಲಿಸಿದರೂ ಹೆಚ್ಚು ಸಮಯ ವ್ಯರ್ಥವಾಗುವುದಿಲ್ಲ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬದಲಾಯಿಸುವ ಅಗತ್ಯವೂ ಇಲ್ಲ. ಕಣ್ಣೂರು–ಮಂಗಳೂರು ನಡುವೆ ಮೆಮು ಸೇವೆ 2022ರ ಜನವರಿಯಲ್ಲಿ ಆರಂಭವಾಯಿತು. ಮಂಗಳೂರು–ಮಡಗಾಂವ್ ವಂದೇ ಭಾರತ್ ರೈಲಿಗೆ 2023ರ ಡಿಸೆಂಬರ್ 30ರಂದು ಚಾಲನೆ ದೊರೆಯಿತು.

ಮಹತ್ವ ಮತ್ತು ಸಮಸ್ಯೆಗಳು

ಮಂಗಳೂರು ಮೂರು ರೈಲು ಆಡಳಿತಗಳು ಸಂಧಿಸುವ ಸ್ಥಳ. ನಗರದ ಮುಖ್ಯ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿವೆ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆಯೂ, ಪೂರ್ವದ ಪುತ್ತೂರು ಮಾರ್ಗದಲ್ಲಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗವೂ ಇವೆ. ಆದಕಾರಣ ಉಡುಪಿಯಿಂದ ಕಾಸರಗೋಡಿಗೋ ಪುತ್ತೂರಿಗೋ ನೇರವಾಗಿ ಹೋಗುವ ಸ್ಥಳೀಯ ಗಾಡಿಯನ್ನು ಓಡಿಸಬೇಕಾದರೆ ಒಂದಕ್ಕಿಂತ ಹೆಚ್ಚು ಆಡಳಿತಗಳ ಹೊಂದಾಣಿಕೆ ಬೇಕಾಗುತ್ತದೆ. ಕೊಂಕಣ ರೈಲ್ವೆಯ ಬಹುಭಾಗ ಏಕಹಳಿಯಾಗಿರುವುದರಿಂದ ದೂರಪ್ರಯಾಣದ ಗಾಡಿಗಳಿಗೆ ದಾರಿ ಬಿಟ್ಟುಕೊಡಲು ಸ್ಥಳೀಯ ಗಾಡಿಗಳು ಕಾಯಬೇಕಾಗುತ್ತದೆ. ವಿದ್ಯುದೀಕರಣದಿಂದ ಡೀಸೆಲ್ ವೆಚ್ಚವೂ ಹೊಗೆಯೂ ತಗ್ಗುತ್ತವೆ. ಆದರೆ ಕಚೇರಿ, ಕಾಲೇಜು, ಆಸ್ಪತ್ರೆಗಳ ವೇಳೆಗೆ ಹೊಂದುವ ಗಾಡಿಗಳಿದ್ದಾಗ ಮಾತ್ರ ಅದರ ಪೂರ್ಣ ಪ್ರಯೋಜನ ನಿತ್ಯ ಪ್ರಯಾಣಿಕರಿಗೆ ದೊರೆಯುತ್ತದೆ.