ಹಿಮದ ಕಾಡಿನಲ್ಲಿ ಗಿಡ್ಡ ಚೂರಿ

ಫಿನ್‌ಲೆಂಡಿನಲ್ಲಿ ಚಳಿಗಾಲದ ವಾರಾಂತ್ಯ ಕಳೆಯಲು ಕಾಡಿಗೆ ಹೋಗುವವರ ಸೊಂಟದಲ್ಲಿ ‘ಪೂಕ್ಕೊ’ ಎಂಬ ಗಿಡ್ಡ ಚೂರಿ ತೂಗುತ್ತಿರುತ್ತದೆ. ಅಲಗು ಸುಮಾರು 10 ಸೆಂಟಿಮೀಟರ್. ಹಿಡಿ ಹೆಚ್ಚಾಗಿ ಬರ್ಚ್ ಮರದ್ದು. ಮರವೇ ಏಕೆ? ಮೈನಸ್ 20 ಡಿಗ್ರಿಯ ಚಳಿಯಲ್ಲಿ ಉಕ್ಕು, ಮರ ಎರಡರ ಉಷ್ಣತೆಯೂ ಒಂದೇ. ಆದರೆ ಉತ್ತಮ ಉಷ್ಣವಾಹಕವಾದ ಉಕ್ಕು ಅಂಗೈಯ ಶಾಖವನ್ನು ಸರಸರನೆ ಹೀರುತ್ತದೆ. ಒದ್ದೆ ಬೆರಳು ಬರಿಯ ಲೋಹಕ್ಕೆ ಅಂಟಿ ಚರ್ಮ ಕಿತ್ತುಬರುವುದೂ ಉಂಟು.

ಚೂರಿಗೆ ಮುಖ್ಯ ಕೆಲಸ ಬೆಂಕಿಯದು. ಹಿಮ ಮೆತ್ತಿದ ಒಣಕಟ್ಟಿಗೆಯ ಹೊರಮೈ ಒದ್ದೆ, ಒಳಗೆ ಒಣ. ಅದನ್ನು ಸೀಳಿ, ಒಳಭಾಗವನ್ನು ತೆಳುವಾಗಿ ಹೆರೆಯುತ್ತಾರೆ. ಸುರುಳಿಗಳು ಉದುರದೆ ಕಟ್ಟಿಗೆಯಲ್ಲೇ ಗರಿಗಳಂತೆ ನಿಲ್ಲಬೇಕು. ತೆಳುವಾದಷ್ಟೂ ಗಾಳಿ ತಗಲುವ ಮೈ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ.

ನಿಜವಾದ ಅಪಾಯ ಮರಗಟ್ಟಿದ ಬೆರಳುಗಳದು. ಚಳಿಗೆ ಕೈಯ ರಕ್ತನಾಳಗಳು ಸಂಕುಚಿಸಿ ಸ್ಪರ್ಶ ಮಂಕಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಬೆರಳು ಕುಯ್ದದ್ದು ತಿಳಿಯುವುದು ಹಿಮದ ಮೇಲೆ ಕೆಂಪು ಕಂಡಾಗ! ಆದ್ದರಿಂದ ಮೊದಲು ಕೈಗಳನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಳ್ಳಬೇಕು. ತೊಡೆಯ ಮೇಲಿಟ್ಟು ಹೆರೆಯುವುದಂತೂ ಬೇಡವೇ ಬೇಡ. ಅಲ್ಲಿ ದೊಡ್ಡ ಅಪಧಮನಿಯಿದೆ. ಮೊಣಕೈಗಳನ್ನು ಮಂಡಿಯ ಮೇಲೂರಿ, ಮಂಡಿಯಾಚೆಗೆ ಹೆರೆಯುವುದು ಕ್ರಮ. ಕೆಲಸ ಮುಗಿದೊಡನೆ ಚೂರಿ ಒರೆ ಸೇರಬೇಕು. ಮೆದುಹಿಮದಲ್ಲಿ ಬಿದ್ದರೆ ಹಿಮ ಕರಗುವವರೆಗೂ ಸಿಕ್ಕುವುದು ಕಷ್ಟ.